ಬೀದರಿನ ಕೋಟೆಪಟ್ಟಣದಲ್ಲಿ ಕಿರುರಜೆ: ನಾರಾವಿಯ ಕುಟುಂಬವೊಂದರ ಅನುಭವ

ಅರಸನ ಅರಮನೆ, ಸೈನ್ಯ ಮತ್ತು ಮದ್ದುಗುಂಡಿನ ಉಗ್ರಾಣಗಳಿಗಷ್ಟೇ ಆಸರೆಯಾದುದನ್ನು ಕೋಟೆ ಎನ್ನಬಹುದು. ಜನವಸತಿಯ ಓಣಿ, ಮಾರುಕಟ್ಟೆ, ಬಾವಿ, ಪ್ರಾರ್ಥನಾಸ್ಥಳಗಳನ್ನೂ ಸುತ್ತುಗೋಡೆಯ ಒಳಗೆ ಸೇರಿಸಿಕೊಂಡು ಬೆಳೆದ ಊರು ಕೋಟೆಪಟ್ಟಣ. ಬೆಳ್ತಂಗಡಿ ತಾಲೂಕಿನ ನಾರಾವಿಯಿಂದ ನೋಡಿದರೆ ಹತ್ತಿರದ ದೊಡ್ಡ ಕೋಟೆಯೆಂದರೆ ಟಿಪ್ಪು ಸುಲ್ತಾನನು 1794ರಲ್ಲಿ ಗಡಾಯಿಕಲ್ಲಿನ ಮೇಲೆ ಕಟ್ಟಿಸಿದ ಜಮಲಾಬಾದ್. ಅದು ಹೆಬ್ಬಂಡೆಯ ನೆತ್ತಿಯ ಕಾವಲು ನೆಲೆಯೇ ಹೊರತು ಪಟ್ಟಣವಲ್ಲ. ಮೂಡುಬಿದಿರೆ, ವೇಣೂರು, ಕಾರ್ಕಳಗಳು ಮಧ್ಯಯುಗದ ಊರುಗಳೇ ಆದರೂ ಅವುಗಳ ಕೀರ್ತಿ ನಿಂತಿರುವುದು ಬಸದಿ ಮತ್ತು ಗೊಮ್ಮಟರ ಮೇಲೆ. ಫ್ರಾನ್ಸಿನ ಕಾರ್ಕಾಸೋನ್ ಎಂಬ ಊರು, ಎರಡು ಸುತ್ತಿನ ಗೋಡೆ ಮತ್ತು 52 ಬುರುಜುಗಳಿಂದಾಗಿ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ, ಇಂದು ಅನೇಕರ ಪ್ರವಾಸದ ಕನಸಾಗಿದೆ. ಅಂಥ ಊರನ್ನು ಕರ್ನಾಟಕದಲ್ಲೇ ನೋಡಬಯಸುವವರಿಗೆ ಸಮರ್ಥ ಉತ್ತರ ಬೀದರ್. ಆದರೆ ಕರಾವಳಿಯ ಕುಟುಂಬವೊಂದು ಅಲ್ಲಿಗೆ ಕಿರುರಜೆಯಲ್ಲಿ ಹೋಗಿಬರಬೇಕಾದರೆ ನೆಲ, ನೀರು, ಬಿಸಿಲು ಈ ಮೂರರ ಲೆಕ್ಕವನ್ನು ಮೊದಲು ಹಾಕಬೇಕು, ಸ್ಮಾರಕಗಳ ಪಟ್ಟಿಯನ್ನು ಆಮೇಲೆ ಬರೆಯಬೇಕು ಎಂಬುದು ಪ್ರಸ್ತುತ ಲೇಖಕನ ಖಚಿತ ನಿಲುವು. ಆ ನಿಲುವು ಪುಸ್ತಕದಿಂದ ಬಂದದ್ದಲ್ಲ.

ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿಯಲ್ಲಿದ್ದ ರಾಜಧಾನಿಯನ್ನು ಬೀದರಿಗೆ ಸಾಗಿಸಿ, 1420ರ ದಶಕದ ಕೊನೆಯಿಂದ 1430ರ ದಶಕದ ಆರಂಭದವರೆಗೆ ಕೋಟೆಯನ್ನು ಹೊಸದಾಗಿ ಕಟ್ಟಿಸಿದನು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು, ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಅಂದರೆ ತುಳುನಾಡಿನ ಶಿಲ್ಪಿಗಳು ಕಲ್ಲಿನಲ್ಲಿ ಬಸದಿಯನ್ನೂ ಗೊಮ್ಮಟನನ್ನೂ ಕಡೆಯುತ್ತಿದ್ದ ಅದೇ ವರ್ಷಗಳಲ್ಲಿ ಕನ್ನಡ ನಾಡಿನ ಉತ್ತರದ ತುದಿಯಲ್ಲಿ ಈ ರಾಜಧಾನಿ ಎದ್ದು ನಿಲ್ಲುತ್ತಿತ್ತು. ಉತ್ತರಕ್ಕೆ ಅರಮನೆಗಳಿರುವ ಕೋಟೆ, ಅದಕ್ಕೆ ತಗುಲಿದಂತೆ ದಕ್ಷಿಣಕ್ಕೆ ತನ್ನದೇ ಗೋಡೆ ಮತ್ತು ದ್ವಾರಗಳುಳ್ಳ ಪೇಟೆ ಎಂಬುದು ಊರಿನ ವಿನ್ಯಾಸ. ಪೇಟೆಯ ನಡುವೆ ನಾಲ್ಕು ದಾರಿ ಕೂಡುವಲ್ಲಿ ಸುಮಾರು 70 ಅಡಿ ಎತ್ತರದ ಚೌಬಾರಾ ಎಂಬ ದುಂಡನೆಯ ಕಾವಲುಗೋಪುರವಿದೆ. ಅಲ್ಲಿಂದ ಕೋಟೆಯ ಕಡೆ ನಡೆಯುತ್ತಾ ಹೋದರೆ ತಖ್ತ್-ಎ-ಕಿರ್ಮಾನಿ ಎಂಬ ಅಲಂಕೃತ ದ್ವಾರ, ಅದರ ಮುಂದೆ ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿಗಳ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ, ಅಂದರೆ ಉನ್ನತ ವಿದ್ಯಾಲಯ, ಎದುರಾಗುತ್ತದೆ. ಅದರ ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ. ಮೊಗಲರ ಕಾಲದಲ್ಲಿ ಕಟ್ಟಡದೊಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಹಾಳಾಯಿತು. ಹಾಗಿದ್ದೂ ಉಳಿದ ಗೋಡೆಗೆ ಅಂಟಿಕೊಂಡಿರುವ ನೀಲಿ, ಹಸಿರು, ಬಿಳಿ ಬಣ್ಣದ ಮೆರುಗು ಹೆಂಚುಗಳನ್ನು ಬೆಳಗಿನ ಓರೆಬಿಸಿಲಿನಲ್ಲಿ ನೋಡಬೇಕು. ನಡುಹಗಲಿನಲ್ಲಿ ಆ ಬಣ್ಣಗಳು ಕಣ್ಣಿಗೆ ಸಿಗುವುದಿಲ್ಲ.

ಕರಾವಳಿಯವರಿಗೆ ಬೀದರ್ ಅಪರಿಚಿತ ನೆಲವಲ್ಲ ಎಂಬುದನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು. ನಾರಾವಿಯ ಮನೆಗಳ ಗೋಡೆಗೆ, ಬಾವಿಯ ಕಟ್ಟೆಗೆ, ತೋಟದ ಪಾಗಾರಕ್ಕೆ ಬಳಸುವ ಮುರಕಲ್ಲು, ಅಂದರೆ ಕಬ್ಬಿಣದ ಅಂಶ ಹೆಚ್ಚಿರುವ, ತೂತುತೂತಾದ ಕೆಂಪು ಜಂಬಿಟ್ಟಿಗೆ, ಬೀದರಿನ ಪ್ರಸ್ಥಭೂಮಿಯ ಮೇಲ್ಪದರವೂ ಹೌದು. ಕೋಟೆಯ ಸುತ್ತ ಮೂರು ಸಾಲಾಗಿ ತೋಡಿರುವ ಕಂದಕವನ್ನು ಈ ಕಲ್ಲಿನಲ್ಲೇ ಕಡಿದು, ಸಾಲುಗಳ ನಡುವೆ ಅದೇ ಕಲ್ಲನ್ನು ಗೋಡೆಯಂತೆ ಉಳಿಸಿದ್ದಾರೆ. ಮುರಕಲ್ಲು ಮಳೆನೀರನ್ನು ಕುಡಿಯುತ್ತದೆ, ಅದರ ಅಡಿಯ ಕಪ್ಪುಶಿಲೆ ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಆದ್ದರಿಂದ ಎರಡೂ ಕೂಡುವ ಮಟ್ಟದಲ್ಲಿ ಅಡ್ಡಲಾಗಿ ಸುರಂಗ ಕೊರೆದು, ಗಾಳಿ ಬೆಳಕಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ಲಂಬ ಬಾವಿಗಳನ್ನು ತೋಡಿ, ನೀರನ್ನು ಇಳಿಜಾರಿನಲ್ಲಿ ತಾನಾಗಿ ಹರಿಯುವಂತೆ ಮಾಡಿದರು. ಪರ್ಷಿಯಾದಿಂದ ಬಂದ ಈ ವಿಧಾನಕ್ಕೆ ಕಾರೇಜ್ ಎಂದು ಹೆಸರು, ಬೀದರಿನ ನೌಬಾದಿನಲ್ಲಿ ಅದನ್ನು ಈಗಲೂ ಕಾಣಬಹುದು. ಬಂಟ್ವಾಳ ತಾಲೂಕಿನ ಮಾಣಿಲ, ಕಾಸರಗೋಡಿನ ಪಡ್ರೆ, ಬಾಯಾರುಗಳಲ್ಲಿ ಗುಡ್ಡದ ಬದಿಯ ಮುರಕಲ್ಲನ್ನು ಕೊರೆದು ಅಡಿಕೆ ತೋಟಕ್ಕೆ ನೀರು ತರುವ ಸುರಂಗಗಳನ್ನು ಬಲ್ಲವರಿಗೆ ಇದು ಒಮ್ಮೆಗೇ ಅರ್ಥವಾಗುತ್ತದೆ. ಬೀದರಿನ ಝರಣಿ ನರಸಿಂಹನ ಗುಹಾಲಯದಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣುವುದೂ ಇದೇ ನೆಲದ ಗುಣದಿಂದ. ಇಷ್ಟನ್ನು ತಿಳಿದುಕೊಂಡು ಹೋದ ಮಕ್ಕಳು ಕಂದಕದ ಅಂಚಿನಲ್ಲಿ ನಿಂತು ಪ್ರಶ್ನೆಗಳನ್ನು ಕೇಳುತ್ತಾರೆ, ತಿಳಿಯದೆ ಹೋದ ಮಕ್ಕಳು ಐಸ್‌ಕ್ರೀಮಿನ ಅಂಗಡಿ ಎಲ್ಲಿದೆ ಎನ್ನುತ್ತಾರೆ. ಲೇಖಕನ ಮನೆಯ ಮಕ್ಕಳು ಮೊದಲ ಬಗೆಯವರಾಗಿದ್ದರು ಎಂಬುದು ಹೆಮ್ಮೆಯಿಂದ ಹೇಳಬೇಕಾದ ಮಾತು.

ಲೇಖಕನ ಕುಟುಂಬ ಸಿದ್ಧಪಡಿಸಿದ್ದ ಮೂಲ ಯೋಜನೆ ದಸರಾ ರಜೆಗೆ ಹೊಂದುವಂಥದು. ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ಬೆಂಗಳೂರಿನಿಂದ ಬೀದರಿಗೆ ರಾತ್ರಿ ರೈಲು, ನಡುವಿನ ಹಗಲು ಬೆಂಗಳೂರಿನ ನೆಂಟರ ಮನೆಯಲ್ಲಿ ವಿಶ್ರಾಂತಿ. ಬೀದರಿನಲ್ಲಿ ಮುಂಜಾನೆ ಕೋಟೆ, ನಡುಹಗಲು ಕೋಣೆಯಲ್ಲಿ ನಿದ್ದೆ, ಇಳಿಹೊತ್ತು ಪೇಟೆ. ಬೇರೆ ಊರಿಗೆ ಹಾರುವ ಮಾತೇ ಇಲ್ಲ. ಈ ಯೋಜನೆಯನ್ನು ಬುಡಮೇಲು ಮಾಡಿದವರು ಕುಟುಂಬದ ಹಿರಿಯ ಬಾವನವರು. ಅವರ ರಜೆ ಮೇ ತಿಂಗಳಿಗೆ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಪ್ರವಾಸ ಬೇಸಗೆಗೆ ಸರಿಯಿತು. ಅಷ್ಟು ದೂರ ಹೋಗುವಾಗ ಸುಮಾರು 80 ಕಿ.ಮೀ. ಆಚೆಗಿರುವ ಬಸವಕಲ್ಯಾಣವನ್ನು ಬಿಟ್ಟುಬರುವುದು ದಡ್ಡತನ ಎಂಬ ಅವರ ತೀರ್ಮಾನದಿಂದ, ಬೆಳಗ್ಗೆ ಅಲ್ಲಿಗೆ ಹೋಗಿ, ಮಧ್ಯಾಹ್ನ ಬೀದರಿನ ಕೋಟೆ ಮುಗಿಸಿ, ಸಂಜೆ ಹೈದರಾಬಾದಿನ ದಾರಿ ಹಿಡಿಯುವ ಹೊಸ ಪಟ್ಟಿ ತಯಾರಾಯಿತು. ಕೋಟೆಯನ್ನು ಮಧ್ಯಾಹ್ನಕ್ಕೆ ಇಡಬಾರದು, ಎಪ್ಪತ್ತು ದಾಟಿದ ದೊಡ್ಡಮ್ಮನವರು ಜತೆಗಿದ್ದಾರೆ ಎಂದು ಲೇಖಕ ಸ್ಪಷ್ಟವಾಗಿ ಹೇಳಿದ್ದನ್ನು ಮನೆಯವರೆಲ್ಲ ಕೇಳಿದ್ದಾರೆ. ಹಿರಿಯರ ಮಾತಿಗೆ ಎದುರಾಡುವ ರೂಢಿ ಈ ಕಡೆಯ ಮನೆಗಳಲ್ಲಿ ಇಲ್ಲದಿರುವುದರಿಂದ ಮಾತು ಅಲ್ಲಿಗೇ ನಿಂತಿತು.

ಗುಂಬದ್ ದರವಾಜಾ, ಅಂದರೆ ದಪ್ಪ ಗುಮ್ಮಟವನ್ನು ಹೊತ್ತ ಒಳದ್ವಾರವನ್ನು ದಾಟಿದಾಗ ಹೊತ್ತು ನಡುನೆತ್ತಿಗೆ ಬಂದಿತ್ತು. 1423-24ರ ಶಾಸನವಿರುವ ಸೋಲಹ ಖಂಬ ಮಸೀದಿಯ ಸಾಲುಗಂಬಗಳ ನೆರಳಿನಲ್ಲಿ ಎಲ್ಲರೂ ಕುಳಿತಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಊಟದ ಏರ್ಪಾಟು ಮಾಡಿಬರಲಿ ಎಂದು ಬಾವನವರು ಬಾಡಿಗೆ ವಾಹನವನ್ನು ಚಾಲಕನೊಡನೆ ಪೇಟೆಗೆ ಕಳುಹಿಸಿದರು, ನೀರಿನ ಕ್ಯಾನುಗಳೂ ಅದರಲ್ಲೇ ಹೋದವು. ಬಳಿಕ ತಖ್ತ್ ಮಹಲ್ ಎಂಬ ಅರಮನೆಯನ್ನೂ ಅದರಾಚೆ ಬುರುಜಿನ ಮೇಲಿರುವ ದೊಡ್ಡ ಫಿರಂಗಿಯನ್ನೂ ಒಂದೇ ಬೀಸಿನಲ್ಲಿ ನೋಡಿಬಿಡೋಣ ಎಂದು ಮುಂದೆ ನಡೆದರು. ಕೋಟೆಯ ಪಶ್ಚಿಮದ ಪಾಲು ಮರಗಳಿಲ್ಲದ ಬಯಲು. ನಾರಾವಿಯ ಬೇಸಗೆಯೂ ಸೆಕೆಯದೇ, ಆದರೆ ಅಲ್ಲಿ ಮೈ ಬೆವರುತ್ತದೆ, ಬೆವರಿದ್ದು ಗೊತ್ತಾಗುತ್ತದೆ, ಬಾಯಾರಿಕೆಯೂ ಹೊತ್ತಿಗೆ ಸರಿಯಾಗಿ ಕಾಡುತ್ತದೆ. ಬೀದರಿನ ಒಣಗಾಳಿಯಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುವುದರಿಂದ ದೇಹ ನೀರು ಕಳೆದುಕೊಳ್ಳುತ್ತಿರುವುದು ಕರಾವಳಿಯವರ ಅರಿವಿಗೆ ಬರುವುದಿಲ್ಲ. ದೊಡ್ಡಮ್ಮನವರು ಮೊದಲು ಸುಮ್ಮನಾದರು, ಆಮೇಲೆ ಹೆಜ್ಜೆ ತಪ್ಪತೊಡಗಿತು, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಬಂತು, ಮರುಕ್ಷಣ ಕೆಂಪು ನೆಲದ ಮೇಲೆ ಮೊಣಕಾಲೂರಿ ಕುಸಿದರು. ಚರ್ಮ ಬೂದುಬಣ್ಣಕ್ಕೆ ತಿರುಗಿತ್ತು, ತುಟಿ ಅಂಟಿಕೊಂಡಿತ್ತು. ಗುಂಪಿನಲ್ಲಿ ಉಳಿದಿದ್ದ ನೀರು ಮಗುವಿನ ಬಾಟಲಿಯ ತಳದಲ್ಲಿದ್ದ ಒಂದೆರಡು ಗುಟುಕು ಮಾತ್ರ. ಚಾಲಕನಿಗೆ ಕರೆ ಮಾಡಿದರೆ ಫೋನು ಹೋಗಲಿಲ್ಲ. ಬಾವನವರು ಬಿಸಿಲಿನಲ್ಲೇ ನಿಂತು ಮತ್ತೆ ಮತ್ತೆ ಅದೇ ಸಂಖ್ಯೆಯನ್ನು ಒತ್ತುತ್ತಿದ್ದರು, ಮಕ್ಕಳು ಅಳುತ್ತಿದ್ದರು, ದೊಡ್ಡಮ್ಮನವರ ಸೊಸೆ ತನ್ನ ಸೀರೆಯ ಸೆರಗನ್ನು ಅವರ ತಲೆಯ ಮೇಲೆ ಹಿಡಿದು ನೆರಳು ಮಾಡಿದ್ದಳು. ಆ ಹೊತ್ತಿನಲ್ಲಿ ಸರಿಯಾದ ಕೆಲಸ ಮಾಡಿದವಳು ಅವಳೊಬ್ಬಳೇ.

ಆಡು ಮೇಯಿಸುತ್ತಿದ್ದ ಹೆಂಗಸೊಬ್ಬರು ಗೋಡೆಯ ಬದಿಯಿಂದ ಓಡಿಬಂದು, ಹತ್ತಿರದ ಪಾಳುಕಮಾನಿನ ಅಡಿಗೆ ದೊಡ್ಡಮ್ಮನವರನ್ನು ಒಯ್ಯುವಂತೆ ಕೈಸನ್ನೆ ಮಾಡಿ, ತಮ್ಮ ಪ್ಲಾಸ್ಟಿಕ್ ಕೊಡದ ನೀರಿನಿಂದ ಬಟ್ಟೆ ಒದ್ದೆಮಾಡಿ ಕತ್ತು, ಕಂಕುಳಿಗೆ ಇಟ್ಟರು. "ಹೆದರಬ್ಯಾಡ್ರಿ, ಸಾವಕಾಶ ಕುಡಸ್ರಿ" ಎಂದು ಹೇಳಿ, ಒಮ್ಮೆಗೇ ನೀರು ಸುರಿಯಲು ಹೊರಟ ಬಾವನವರ ಕೈಯನ್ನು ತಡೆದವರೂ ಅವರೇ. ದಾರಿಯಲ್ಲಿ ಬಂದ ಹುಡುಗರು ಬೈಕಿನಲ್ಲಿ ಹೋಗಿ ಆಟೋ ಕರೆತಂದರು. ಪೇಟೆಯ ವೈದ್ಯರು ಇದು ಬಿಸಿಲಿನ ಬಳಲಿಕೆ, ಇನ್ನಷ್ಟು ತಡವಾಗಿದ್ದರೆ ಪ್ರಾಣಕ್ಕೇ ಅಪಾಯವಾಗುತ್ತಿತ್ತು ಎಂದು ಹೇಳಿ ಸಲೈನು ಹಾಕಿದರು. ಕಾರ್ಯಕ್ರಮವನ್ನು ಕಡಿಮೆ ಮಾಡಿದ್ದರೆ ಹಣ ದಂಡವಾಗುತ್ತಿತ್ತು ಎಂದು ಬಾವನವರು ಇಂದಿಗೂ ವಾದಿಸುತ್ತಾರೆ. ಹಿರಿಯ ಜೀವವೊಂದನ್ನು ಒತ್ತೆಯಿಟ್ಟು ಉಳಿಸುವ ಹಣ ಯಾವ ಲೆಕ್ಕಕ್ಕೂ ಸೇರದು. ಈ ವಿಷಯದಲ್ಲಿ ಲೇಖಕನಿಗೆ ರಾಜಿಯಿಲ್ಲ.

ದೊಡ್ಡಮ್ಮನವರ ವಿಶ್ರಾಂತಿಗಾಗಿ ಹೈದರಾಬಾದಿನ ಪ್ರಯಾಣ ರದ್ದಾಗಿ, ಕುಟುಂಬ ಬೀದರಿನಲ್ಲೇ ಉಳಿಯಬೇಕಾಯಿತು. ಮೂಲ ಯೋಜನೆ ಎಷ್ಟು ಸರಿಯಾಗಿತ್ತು ಎಂಬುದು ಆಗ ಎಲ್ಲರಿಗೂ ಕಂಡಿತು. ಬೆಳಗಾಗುತ್ತಲೇ ಬೀದರಿನ ಹತ್ತಿರದ ಅಷ್ಟೂರಿಗೆ ಹೋದವರು ಅಹಮದ್ ಷಾನ ಗೋರಿಯ ಒಳಮಾಳಿಗೆಯ ಚಿನ್ನದ ಗೆರೆಗಳ ವರ್ಣಚಿತ್ರವನ್ನು ತಂಪಿನಲ್ಲಿ ನಿಂತು ನೋಡಿದರು. ವಲಿ, ಅಂದರೆ ಸಂತ, ಎಂದು ಮುಸಲ್ಮಾನರೂ ಅಲ್ಲಮಪ್ರಭುವಿನ ಅಂಶವೆಂದು ಹಿಂದೂಗಳೂ ಭಾವಿಸುವ ಈ ಅರಸನ ಉರುಸಿನಲ್ಲಿ ಜಂಗಮರೊಬ್ಬರು ಮುಖ್ಯ ಪಾತ್ರ ವಹಿಸುವ ಪದ್ಧತಿಯಿದೆ. ಇಳಿಹೊತ್ತಿನಲ್ಲಿ ಚೌಬಾರಾದ ಬದಿಯ ಓಣಿಗಳಲ್ಲಿ ಬಿದರಿ ಕೆಲಸಗಾರರು ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರವದಲ್ಲಿ ಅದ್ದಿ ಲೋಹವನ್ನಷ್ಟೇ ಕಪ್ಪಾಗಿಸಿ ಬೆಳ್ಳಿಯನ್ನು ಬೆಳಗಿಸುವುದನ್ನು ಮಕ್ಕಳು ಕಣ್ಣಾರೆ ಕಂಡರು. ಈ ಕಲೆಯ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿದೆ. ಪಟ್ಟಿ ಹಿಡಿದು ಓಡಿದ್ದರೆ ಇದರಲ್ಲಿ ಯಾವುದೂ ಸಿಗುತ್ತಿರಲಿಲ್ಲ.

ಮುಂದೆ ಹೋಗುವವರಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ದಸರಾದಿಂದ ಜನವರಿಯವರೆಗಿನ ಅವಧಿ ಒಳ್ಳೆಯದು. ಮಳೆಗಾಲದಲ್ಲಿ ಹೊರಡುವುದಾದರೆ ಚಾರ್ಮಾಡಿ, ಶಿರಾಡಿ ಘಾಟಿಗಳು ಮುಚ್ಚುವ ಸಂಭವವನ್ನು ಲೆಕ್ಕಕ್ಕೆ ಹಿಡಿಯಬೇಕು. 2017ರಲ್ಲಿ ಕಲಬುರಗಿ–ಬೀದರ್ ರೈಲುಮಾರ್ಗ ತೆರೆದ ಮೇಲೆ ಬೆಂಗಳೂರಿನ ಕಡೆಯಿಂದ ಹೋಗುವುದು ಸುಲಭವಾಗಿದೆ, ಟಿಕೆಟನ್ನು ಮಾತ್ರ ಮುಂಚಿತವಾಗಿ ಕಾದಿರಿಸಬೇಕು. ಪೇಟೆಗೋಡೆಗೆ ಹತ್ತಿರವೇ ತಂಗಿದರೆ ನಡೆದೇ ಹೆಚ್ಚಿನದನ್ನು ನೋಡಬಹುದು. ಕೋಟೆಯೊಳಗೆ, ಬಹಮನಿಗಳ ನಂತರದ ಅರಸ ಅಲಿ ಬರೀದನ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸ ಬಹಳ ಸೊಗಸಾಗಿದೆ. ಅದು ತೆರೆದಿರುತ್ತದೆಯೇ ಎಂದು ಕೋಟೆಗೆ ಹೋದ ಕೂಡಲೇ ವಿಚಾರಿಸುವುದು ಒಳ್ಳೆಯದು. ನೀರನ್ನು ವಾಹನದಲ್ಲಿ ಬಿಡದೆ ಪ್ರತಿಯೊಬ್ಬರೂ ತಮ್ಮ ಹೆಗಲಿನಲ್ಲೇ ಇಟ್ಟುಕೊಳ್ಳಬೇಕು. ಬಸವಕಲ್ಯಾಣವನ್ನು ನೋಡಲೇಬೇಕೆನ್ನುವವರು ದಯವಿಟ್ಟು ಅದಕ್ಕೆ ಬೇರೆಯೇ ದಿನ ಮೀಸಲಿಡಲಿ.