ಕಸಿಮಾಡಿದ ಹೃದಯವೂ ಎಳೆಯರ ಕ್ಷೇಮವೂ

ತೋಟಗಾರನು ಕೊಂಬೆಯನ್ನು ಕಸಿಮಾಡಿದ ದಿನವೇ ತನ್ನ ಕೆಲಸವು ಮುಗಿಯಿತೆಂದೆಣಿಸುವುದಿಲ್ಲ. ಹೃದಯದ ಕಸಿಯೂ ಹಾಗೆಯೇ. ಕೆಟ್ಟುಹೋದ ಹೃದಯವನ್ನು ತೆಗೆದು, ಮೃತರಾದವರಿಂದ ದಾನವಾಗಿ ಬಂದ ಹೃದಯವನ್ನು ಮಗುವಿನ ಎದೆಯಲ್ಲಿಡುವ ಶಸ್ತ್ರಕ್ರಿಯೆಯು ಕೆಲವು ಗಂಟೆಗಳದು. ಅದನ್ನು ಕಾಪಾಡುವ ಕಾರ್ಯವಾದರೋ ಬಾಳಿನುದ್ದಕ್ಕೂ ಇರತಕ್ಕದ್ದು. ಆ ಬಾಳಿನ ಕುರಿತು ತಾಯ್ತಂದೆಗಳೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿಚಾರಮಾಡೋಣ.

1967ನೆಯ ಇಸವಿ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾಕ್ಟರ್ ಕ್ರಿಸ್ತಿಯಾನ್ ಬರ್ನಾರ್ಡರು ಒಬ್ಬ ಮನುಷ್ಯನ ಹೃದಯವನ್ನು ಮತ್ತೊಬ್ಬನಿಗೆ ಮೊತ್ತಮೊದಲು ಕಸಿಮಾಡಿದರು. ರೋಗಿಯು 18 ದಿನ ಬದುಕಿದನು. ಪರರ ಅಂಗವನ್ನು ದೇಹವು ಶತ್ರುವೆಂದೆಣಿಸಿ ತಿರಸ್ಕರಿಸುವುದೇ ಆಗ ದೊಡ್ಡ ಅಡ್ಡಿಯಾಗಿತ್ತು. 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧವು ಬಳಕೆಗೆ ಬಂದ ತರುವಾಯ ಆ ಅಡ್ಡಿಯು ಬಹುಮಟ್ಟಿಗೆ ತಗ್ಗಿತು. 1985ರಲ್ಲಿ ಅಮೆರಿಕದ ಲೋಮಾ ಲಿಂಡಾದಲ್ಲಿ 4 ದಿನದ ಕೂಸೊಂದು ಹೊಸ ಹೃದಯವನ್ನು ಪಡೆದು, ಬೆಳೆದು ಪ್ರಾಯಕ್ಕೆ ಬಂದಿತು. ನಮ್ಮ ದೇಶದಲ್ಲಿ 1994ರಲ್ಲಿ ದೆಹಲಿಯ ಡಾಕ್ಟರ್ ಪಿ. ವೇಣುಗೋಪಾಲರು ಮೊದಲನೆಯ ಸಫಲ ಕಸಿಯನ್ನು ನಡೆಸಿದರು. ಶೈಶವದಲ್ಲಿ ಹೃದಯವನ್ನು ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 20 ವರ್ಷಗಳನ್ನು ಮೀರಿ ಬಾಳುವರೆಂದು ಈಗಿನ ಲೆಕ್ಕಗಳು ತಿಳಿಸುತ್ತವೆ.

ತಕ್ಕ ಹೃದಯವು ಬೇಕೆಂದಾಗ ದೊರೆಯದು. ಅಷ್ಟರವರೆಗೆ ರಕ್ತವನ್ನು ನೂಕುವುದಕ್ಕೆ ಯಂತ್ರಗಳುಂಟು. ಚಿಕ್ಕ ಮಕ್ಕಳಿಗೆ ‘ಬರ್ಲಿನ್ ಹಾರ್ಟ್’ ಎಂಬ ಪಂಪನ್ನು ದೇಹದ ಹೊರಗಿಟ್ಟು ಗಾಳಿಯ ಒತ್ತಡದಿಂದ ನಡೆಸುವರು. ದೊಡ್ಡ ಮಕ್ಕಳಿಗೆ ಎದೆಯೊಳಗೇ ಇರಿಸುವ ಪಂಪುಗಳಿವೆ. ಇಂಥವರು ಬ್ಯಾಟರಿಯ ಚೀಲವನ್ನು ಹೊತ್ತು ಶಾಲೆಗೂ ಹೋಗಬಹುದು. ಆದರೆ ಹೊಟ್ಟೆಯ ಮೇಲೆ ತಂತಿಯು ಹೊರಬರುವ ಸ್ಥಳವನ್ನು ಶುಚಿಯಾಗಿಡಬೇಕು, ಈಜುವಂತಿಲ್ಲ, ರಕ್ತವು ಹೆಪ್ಪುಗಟ್ಟದಂತೆ ಔಷಧವನ್ನು ಸೇವಿಸಬೇಕು. ಯಂತ್ರದ ಎಚ್ಚರಿಕೆಯ ಸದ್ದನ್ನು ಉಪಾಧ್ಯಾಯಿನಿಯೂ ಅರಿತಿರುವುದು ಅವಶ್ಯ.

ಕಸಿಯಾದ ಹೃದಯದ ಸ್ವಭಾವವು ಬೇರೆ. ಅದರ ನರಗಳು ಕಡಿದುಹೋಗಿರುವುದರಿಂದ ಆಟಕ್ಕೆ ತಕ್ಕಂತೆ ಬಡಿತವು ತಟ್ಟನೆ ಏರದು. ಆದಕಾರಣ ಆಟವನ್ನು ಮೆಲ್ಲನೆ ಆರಂಭಿಸಿ ಮೆಲ್ಲನೆ ನಿಲ್ಲಿಸಬೇಕು. ಹೃದಯದ ರಕ್ತನಾಳಗಳು ಕಿರಿದಾದರೂ ಎದೆನೋವು ತೋರದೆಹೋಗಬಹುದು. ಆದುದರಿಂದ ಆರೋಗ್ಯವಾಗಿರುವಾಗಲೂ ಪರೀಕ್ಷೆಗಳನ್ನು ತಪ್ಪಿಸಬಾರದು. ತಿರಸ್ಕಾರವನ್ನು ತಡೆಯುವ ಔಷಧಗಳು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ. ಮೂತ್ರಪಿಂಡಗಳಿಗೂ ಅವುಗಳಿಂದ ಕೇಡುಂಟಾಗಬಹುದು. ಚಕ್ಕೋತದಂಥ ಹಣ್ಣು ಕೂಡ ಅವುಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲುದಾದ್ದರಿಂದ ಅದನ್ನು ವರ್ಜಿಸಬೇಕು.

ಇಷ್ಟೆಲ್ಲಾ ಜಾಗ್ರತೆಯನ್ನು ಬಾಲ್ಯದಲ್ಲಿ ತಾಯಿಯೇ ವಹಿಸುವಳು. ಅಪಾಯವು ಹೆಚ್ಚುವುದು ಹದಿಹರೆಯದಲ್ಲಿ. ಆ ಪ್ರಾಯದಲ್ಲಿ ಕಸಿಯಾದವರು ಶೈಶವದಲ್ಲಿ ಕಸಿಯಾದವರಷ್ಟು ದೀರ್ಘಕಾಲ ಬಾಳುವುದಿಲ್ಲವೆಂದು ತಿಳಿದುಬಂದಿದೆ. ಇದಕ್ಕೆ ಕಾರಣಗಳು ಹಲವು. ಮಾತ್ರೆಗಳನ್ನು ಬಿಟ್ಟುಬಿಡುವುದು ಅವುಗಳಲ್ಲಿ ಮುಖ್ಯವಾದುದೊಂದು. ಒಂದು ಹೊತ್ತು ಬಿಟ್ಟರೆ ಅಂದೇ ಏನೂ ಕಾಣದು. ಧೈರ್ಯಗೊಂಡು ಮತ್ತೊಂದು ಹೊತ್ತು ಬಿಡುವರು. ಅಷ್ಟರಲ್ಲಿ ಒಳಗೆ ತಿರಸ್ಕಾರವು ಮೊದಲಾಗಿರುವುದು. ಇದನ್ನು ಬರಿಯ ಹಟವೆಂದು ಗದರಿಸಿ ಫಲವಿಲ್ಲ. ಔಷಧದಿಂದ ಮುಖವು ಊದುವುದೂ, ಕೈ ನಡುಗುವುದೂ, ಮೈಮೇಲೆ ಕೂದಲು ಬೆಳೆಯುವುದೂ ಹುಡುಗಿಯೊಬ್ಬಳಿಗೆ ಅಲ್ಪಕಷ್ಟವೇ? ಒಡನಾಡಿಗಳಂತಿರಬೇಕೆಂಬ ಆಸೆಯೂ, ಮತ್ತೊಬ್ಬರ ಮರಣದಿಂದ ತಾನು ಬದುಕಿದೆನೆಂಬ ಚಿಂತೆಯೂ ಆಕೆಯ ಮನಸ್ಸನ್ನು ಬಾಧಿಸಬಹುದು. ಹೃದಯವನ್ನು ಪರೀಕ್ಷಿಸುವಂತೆಯೇ ಮನಸ್ಸಿನ ಯೋಗಕ್ಷೇಮವನ್ನೂ ವಿಚಾರಿಸಬೇಕು.

ಆದಕಾರಣ ತಾಯ್ತಂದೆಗಳು ಈ ಭಾರವನ್ನು ಒಮ್ಮೆಲೇ ಕೈಬಿಡದೆ, ಎಂದೆಂದಿಗೂ ತಾವೇ ಹೊರದೆ, ಮೆಟ್ಟಲುಮೆಟ್ಟಲಾಗಿ ಒಪ್ಪಿಸಿಕೊಡಬೇಕು. ಮೊದಲು ಮಗಳು ತನ್ನ ಔಷಧಗಳ ಹೆಸರನ್ನೂ ಉದ್ದೇಶವನ್ನೂ ಕಲಿಯಲಿ. ತರುವಾಯ ವಾರದ ಮಾತ್ರೆಗಳನ್ನು ತಾನೇ ಜೋಡಿಸಲಿ, ತಾಯಿಯು ನೋಡಲಿ. ಅನಂತರ ವೈದ್ಯರೊಡನೆ ತಾನೊಬ್ಬಳೇ ಮಾತನಾಡಲಿ. ವಿವಾಹವಾದ ಮೇಲೆ ಗರ್ಭಧಾರಣೆಗೆ ಮುಂಚೆ ವೈದ್ಯರ ಸಲಹೆಯು ಅಗತ್ಯ. ಏಕೆಂದರೆ ಕೆಲವು ಔಷಧಗಳು ಗರ್ಭದ ಶಿಶುವಿಗೆ ಹಾನಿಕರ.

ಉಪಾಧ್ಯಾಯಿನಿಯರಾದ ಸಹೋದರಿಯರಿಗೂ ಇದರಲ್ಲಿ ಪಾಲುಂಟು. ತರಗತಿಯಲ್ಲಿ ಸೀತಾಳೆ ಸಿಡುಬು ಅಥವಾ ದಡಾರ ಕಾಣಿಸಿಕೊಂಡರೆ ಆ ಮನೆಯವರಿಗೆ ಅಂದೇ ತಿಳಿಸಿರಿ. ಆಸ್ಪತ್ರೆಯಲ್ಲಿ ಕಳೆದ ದಿನಗಳ ಪಾಠವನ್ನು ತಾಳ್ಮೆಯಿಂದ ಹೇಳಿಕೊಡಿರಿ. ವೈದ್ಯರು ಒಪ್ಪಿದ ಆಟದಿಂದ ಆಕೆಯನ್ನು ದೂರವಿಡಬೇಡಿರಿ. ಆಕೆಯನ್ನು ರೋಗಿಯೆಂದಲ್ಲ, ನಾಳೆ ತನ್ನ ಬಾಳನ್ನು ತಾನೇ ನಡೆಸತಕ್ಕ ವಿದ್ಯಾರ್ಥಿನಿಯೆಂದು ಕಾಣುವುದೇ ನಾವು ಮಾಡಬಹುದಾದ ಉಪಕಾರಗಳಲ್ಲಿ ಹಿರಿದಾದುದು.