ಇಂದಿನ ಪಾಲು, ನಾಳಿನ ಪಾಲು

ನಾವು ಉಂಡ ಅನ್ನವು ದೇಹವನ್ನು ಸೇರಿದ ಮೇಲೆ ಏನಾಗುತ್ತದೆ? ಅದರ ಒಂದು ಪಾಲು ಆ ಹೊತ್ತಿನ ಕೆಲಸಕ್ಕೆ ವ್ಯಯವಾಗುತ್ತದೆ. ಇನ್ನೊಂದು ಪಾಲು ಗ್ಲೈಕೋಜನ್ ಎಂಬ ಪಿಷ್ಟದಂಥ ವಸ್ತುವಾಗಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾಗಿ, ಮುಂದಿನ ಊಟದವರೆಗೆ ನಮಗೆ ನೆರವಾಗುತ್ತದೆ. ಅದಕ್ಕೂ ಮಿಕ್ಕಿದ್ದು ಕೊಬ್ಬಾಗಿ ಮಾರ್ಪಟ್ಟು ದೂರದ ಕಷ್ಟಕಾಲಕ್ಕೆಂದು ಕಾದಿರುತ್ತದೆ. ಏನನ್ನೂ ಕೂಡಿಡದ ದೇಹವು ಒಂದು ದಿನದ ಉಪವಾಸವನ್ನೂ ತಾಳಲಾರದು. ಕೂಡಿಡುವುದೇ ಅತಿಯಾದ ದೇಹವಾದರೋ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ.

ದೇಹವು ಈ ಹಂಚಿಕೆಯನ್ನು ನಮ್ಮನ್ನು ಕೇಳದೆಯೇ ಮಾಡಿಕೊಳ್ಳುತ್ತದೆ. ಹಣದ ವಿಷಯದಲ್ಲಿ ಮಾತ್ರ ನಿರ್ಧಾರ ನಮ್ಮದು. ಇಂದು ಎಷ್ಟು ಅನುಭವಿಸಬೇಕು, ನಾಳೆಗೆ ಎಷ್ಟು ಉಳಿಸಬೇಕು? ನಮ್ಮ ಗಾದೆಗಳನ್ನು ಕೇಳಿದರೆ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ಒಂದು ಎಚ್ಚರಿಸುತ್ತದೆ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೆ?’ ಎಂದು ಇನ್ನೊಂದು ಸಮಾಧಾನ ಹೇಳುತ್ತದೆ. ಗಣಿತಜ್ಞರೂ ಅರ್ಥಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ಈ ಪ್ರಶ್ನೆಯನ್ನು ಕುರಿತು ವಿಚಾರ ಮಾಡಿದ್ದಾರೆ. ಅವರು ಕಂಡುಕೊಂಡ ಕೆಲವು ಸಂಗತಿಗಳನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಬಡ್ಡಿಯ ಓಟ, ಬೆಲೆಯ ಓಟ

ಉಳಿತಾಯದ ಪರವಾಗಿ ಹೇಳುವ ಮೊದಲ ಮಾತು ಚಕ್ರಬಡ್ಡಿಯದು. ಬಡ್ಡಿಯು ಅಸಲಿಗೆ ಸೇರಿ ಅದಕ್ಕೂ ಬಡ್ಡಿ ಹುಟ್ಟುವುದರಿಂದ ಹಣವು ಕಾಲಕ್ರಮದಲ್ಲಿ ವೇಗವಾಗಿ ಬೆಳೆಯುತ್ತದೆ. ಎಷ್ಟು ವರ್ಷಗಳಲ್ಲಿ ಅದು ಇಮ್ಮಡಿಯಾಗುವುದೆಂದು ತಿಳಿಯಲು ಸುಲಭವಾದ ಒಂದು ಸೂತ್ರವಿದೆ: 72ನ್ನು ಬಡ್ಡಿಯ ದರದಿಂದ ಭಾಗಿಸಬೇಕು. ದರವು ವರ್ಷಕ್ಕೆ ನೂರಕ್ಕೆ 7 ಆದರೆ, ಸುಮಾರು 10 ವರ್ಷಗಳಿಗೆ ಹಣ ಇಮ್ಮಡಿಯಾಗುತ್ತದೆ. ಇಪ್ಪತ್ತನೆಯ ವಯಸ್ಸಿನಲ್ಲಿ ಇಟ್ಟ 1,000 ರೂಪಾಯಿ ಇದೇ ದರದಲ್ಲಿ ಅರವತ್ತನೆಯ ವಯಸ್ಸಿಗೆ ಸುಮಾರು 14,974 ರೂಪಾಯಿ ಆಗುತ್ತದೆ.

ಇದು ಹದಿನೈದು ಮಡಿ ಲಾಭವೆಂದು ತೋರುತ್ತದೆ. ಆದರೆ ಆ ನಲವತ್ತು ವರ್ಷಗಳಲ್ಲಿ ಅಂಗಡಿಯ ಬೆಲೆಗಳೂ ಸುಮ್ಮನಿರುವುದಿಲ್ಲವಷ್ಟೆ. ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರುತ್ತವೆಯೆಂದು ಭಾವಿಸಿದರೆ, ಇಂದು 1,000 ರೂಪಾಯಿಗೆ ಸಿಗುವ ಸಾಮಾನಿಗೆ ಆಗ ಸುಮಾರು 7,040 ರೂಪಾಯಿ ತೆರಬೇಕಾಗುತ್ತದೆ. ಆದ್ದರಿಂದ ನಮ್ಮ 14,974 ರೂಪಾಯಿಯ ನಿಜವಾದ ಕೊಳ್ಳುವ ಶಕ್ತಿಯು ಇಂದಿನ 1,000 ರೂಪಾಯಿಯ ಎರಡರಷ್ಟಕ್ಕಿಂತ ಸ್ವಲ್ಪವೇ ಹೆಚ್ಚು. ಇಂದು ಒಂದು ಊಟವನ್ನು ಬಿಟ್ಟವನಿಗೆ ಮುಪ್ಪಿನಲ್ಲಿ ದೊರೆಯುವುದು ಹದಿನೈದು ಊಟವಲ್ಲ, ಎರಡು ಊಟ. ಎರಡು ಊಟವೂ ಕಡಿಮೆಯೇನಲ್ಲ. ಆದರೆ ನಮ್ಮ ಲೆಕ್ಕವನ್ನು ಈ ನಿಜವಾದ ಅಂಕಿಯಿಂದಲೇ ಆರಂಭಿಸುವುದು ಯೋಗ್ಯ.

ಮೊದಲ ತುತ್ತು, ಕೊನೆಯ ತುತ್ತು

ಹಸಿದವನಿಗೆ ಮೊದಲ ಮುದ್ದೆ ಅಮೃತ, ಎರಡನೆಯದು ಹಿತ, ನಾಲ್ಕನೆಯದು ಸಂಕಟ. ಒಂದೇ ವಸ್ತು ಹೆಚ್ಚು ಹೆಚ್ಚಾಗಿ ದೊರೆತಂತೆಲ್ಲ, ಅದರ ಪ್ರತಿಯೊಂದು ಹೊಸ ಅಂಶವೂ ಕೊಡುವ ತೃಪ್ತಿ ಕಡಿಮೆಯಾಗುತ್ತ ಹೋಗುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವೆಂದು ಹೆಸರು. ಹಣಕ್ಕೂ ಇದು ಅನ್ವಯಿಸುವುದೆಂಬುದನ್ನು ಹದಿನೆಂಟನೆಯ ಶತಮಾನದ ಗಣಿತಜ್ಞರು ಕಂಡುಕೊಂಡರು. ಜಿನೀವದ ಗೇಬ್ರಿಯಲ್ ಕ್ರೇಮರ್ 1728ರ ಒಂದು ಪತ್ರದಲ್ಲಿ, ಹಣದಿಂದ ಬರುವ ತೃಪ್ತಿಯನ್ನು ಆ ಹಣದ ವರ್ಗಮೂಲದಿಂದ ಅಳೆಯಬಹುದೆಂದು ಸೂಚಿಸಿದನು. ಡೇನಿಯಲ್ ಬರ್ನೂಲಿಯು 1738ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಲಾಗರಿದಮ್ಮನ್ನು ಬಳಸಿದನು. ಅಳತೆಗೋಲು ಯಾವುದೇ ಆದರೂ ಸಾರಾಂಶ ಒಂದೇ: ಹಣ ನಾಲ್ಕು ಮಡಿಯಾದರೆ ಸುಖವೂ ನಾಲ್ಕು ಮಡಿಯಾಗುವುದಿಲ್ಲ.

ಈಗ ಒಂದು ಲೆಕ್ಕವನ್ನು ಮಾಡೋಣ. ಒಬ್ಬನ ಕೈಯಲ್ಲಿ 100 ರೂಪಾಯಿ ಇದೆ. ಅದರಲ್ಲಿ ಸ್ವಲ್ಪವನ್ನು ಯೌವನದಲ್ಲಿ ಖರ್ಚುಮಾಡಿ, ಉಳಿದದ್ದನ್ನು ಮುಪ್ಪಿಗೆ ಇಡಬಹುದು. ಇಟ್ಟದ್ದು, ಮೇಲೆ ಕಂಡಂತೆ, ಕೊಳ್ಳುವ ಶಕ್ತಿಯಲ್ಲಿ ಇಮ್ಮಡಿಯಾಗುತ್ತದೆ. ಎರಡು ಕಾಲದ ತೃಪ್ತಿಗಳನ್ನೂ ಕ್ರೇಮರನ ವರ್ಗಮೂಲದಿಂದ ಅಳೆದು ಕೂಡಿಸೋಣ.

ಇಂದು 100, ಮುಂದೆ 0: ತೃಪ್ತಿ 10 + 0 = 10.
ಇಂದು 64, ಮುಂದೆ 72: ತೃಪ್ತಿ 8 + 8.49 = 16.49.
ಇಂದು 50, ಮುಂದೆ 100: ತೃಪ್ತಿ 7.07 + 10 = 17.07.
ಇಂದು 36, ಮುಂದೆ 128: ತೃಪ್ತಿ 6 + 11.31 = 17.31.
ಇಂದು 25, ಮುಂದೆ 150: ತೃಪ್ತಿ 5 + 12.25 = 17.25.
ಇಂದು 4, ಮುಂದೆ 192: ತೃಪ್ತಿ 2 + 13.86 = 15.86.
ಇಂದು 0, ಮುಂದೆ 200: ತೃಪ್ತಿ 0 + 14.14 = 14.14.

ಈ ಅಂಕಿಗಳನ್ನು ನಕ್ಷೆಯಾಗಿ ಬರೆದರೆ ಒಂದು ಗುಡ್ಡದ ಆಕಾರ ಕಾಣುತ್ತದೆ. ಅದರ ನೆತ್ತಿ ಚಪ್ಪಟೆ, ಎರಡು ಅಂಚುಗಳು ಕಡಿದು. ಇಂದಿನ ಪಾಲು 25 ಇರಲಿ, 36 ಇರಲಿ, 50 ಇರಲಿ, ಒಟ್ಟು ತೃಪ್ತಿಯಲ್ಲಿ ಕಾಲು ಅಂಶದಷ್ಟೂ ವ್ಯತ್ಯಾಸವಿಲ್ಲ. ಅಂಚಿನಲ್ಲಿ ಹಾಗಲ್ಲ. ಎಲ್ಲವನ್ನೂ ಕೂಡಿಡುವವನು ಕೇವಲ 4 ರೂಪಾಯಿಯನ್ನು ಇಂದಿಗೆ ಬಿಟ್ಟುಕೊಂಡರೆ ಅವನ ತೃಪ್ತಿ 14.14ರಿಂದ 15.86ಕ್ಕೆ ಏರುತ್ತದೆ. ಎಲ್ಲವನ್ನೂ ಖರ್ಚುಮಾಡುವವನು ಕೇವಲ 4 ರೂಪಾಯಿಯನ್ನು ಉಳಿಸಿದರೆ ಅವನದು 10ರಿಂದ 12.63ಕ್ಕೆ ಜಿಗಿಯುತ್ತದೆ.

ವರ್ಗಮೂಲದ ಬದಲು ಬರ್ನೂಲಿಯ ಲಾಗರಿದಮ್ಮನ್ನು ಬಳಸಿದರೆ ಗುಡ್ಡದ ತುದಿ 50ರ ಕಡೆಗೆ ಸರಿಯುತ್ತದೆಯೇ ಹೊರತು ಗುಡ್ಡದ ಸ್ವರೂಪ ಬದಲಾಗುವುದಿಲ್ಲ. ಆದ್ದರಿಂದ ‘ನೂರಕ್ಕೆ ಇಷ್ಟೇ ಉಳಿಸತಕ್ಕದ್ದು’ ಎಂಬ ಕರಾರುವಾಕ್ಕಾದ ಸಂಖ್ಯೆಗಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಡುವೆ ಎಲ್ಲಿ ನಿಂತರೂ ನಷ್ಟ ಅಲ್ಪ. ಅಂಚಿನಲ್ಲಿ ನಿಂತರೆ ನಷ್ಟ ಬಹಳ. ಲೆಕ್ಕವು ನಮಗೆ ಕಲಿಸುವ ಮುಖ್ಯ ಪಾಠ ಇದೇ.

ಇದೇ ನಿಯಮದಿಂದ ಇನ್ನೊಂದು ಮಾತೂ ಸಿದ್ಧವಾಗುತ್ತದೆ. ದಿನಗೂಲಿಯಿಂದ ಅರೆಹೊಟ್ಟೆ ಉಣ್ಣುವ ಸಂಸಾರಕ್ಕೆ ಇಂದಿನ ರೂಪಾಯಿ ಮೊದಲ ತುತ್ತಿನ ರೂಪಾಯಿ. ಅಂಥವರಿಗೆ ಉಳಿತಾಯದ ಉಪದೇಶ ಮಾಡುವುದು ನೀತಿಯೂ ಅಲ್ಲ, ಗಣಿತವೂ ಅಲ್ಲ.

ರಾಷ್ಟ್ರದ ಲೆಕ್ಕ, ವ್ಯಕ್ತಿಯ ಲೆಕ್ಕ

ಒಂದು ರಾಷ್ಟ್ರವು ತನ್ನ ಆದಾಯದಲ್ಲಿ ಎಷ್ಟನ್ನು ಉಳಿಸಬೇಕು ಎಂಬ ಪ್ರಶ್ನೆಯನ್ನು ಕೇಂಬ್ರಿಡ್ಜಿನ ಫ್ರಾಂಕ್ ರಾಮ್ಸೆ ಗಣಿತದ ಭಾಷೆಗೆ ತಂದನು. ‘ಉಳಿತಾಯದ ಒಂದು ಗಣಿತ ಸಿದ್ಧಾಂತ’ ಎಂಬ ಅರ್ಥದ ಶೀರ್ಷಿಕೆಯುಳ್ಳ ಅವನ ಲೇಖನ 1928ರ ಡಿಸೆಂಬರಿನಲ್ಲಿ ಪ್ರಕಟವಾದಾಗ ಅವನಿಗೆ 25 ವರ್ಷ. ಅವನ ಸೂತ್ರದ ತಾತ್ಪರ್ಯ ಹೀಗಿದೆ: ಉಳಿಸುವ ಮೊತ್ತವನ್ನು, ಕೊನೆಯ ರೂಪಾಯಿ ಇಂದು ಕೊಡಬಹುದಾದ ತೃಪ್ತಿಯಿಂದ ಗುಣಿಸಬೇಕು. ಆ ಗುಣಲಬ್ಧವು ಇಂದಿನ ತೃಪ್ತಿಗೂ ಸಾಧ್ಯವಿರುವ ಪರಮ ತೃಪ್ತಿಗೂ ನಡುವಣ ಅಂತರಕ್ಕೆ ಸಮನಾಗಿರಬೇಕು. ಮುಂದಿನ ಸುಖವು ಮುಂದಿನದೆಂಬ ಒಂದೇ ಕಾರಣಕ್ಕೆ ಅದನ್ನು ಕೀಳಾಗಿ ಎಣಿಸುವುದು ನ್ಯಾಯವಲ್ಲವೆಂಬುದು ಅವನ ಅಭಿಪ್ರಾಯ. ಈ ಅಭಿಪ್ರಾಯದ ಮೇಲೆ ಲೆಕ್ಕ ಹಾಕಿದಾಗ, ಯಾರೂ ಸಾಮಾನ್ಯವಾಗಿ ಸೂಚಿಸುವುದಕ್ಕಿಂತ ಬಹಳ ಹೆಚ್ಚಿನ ಉಳಿತಾಯ ಬೇಕೆಂದು ಅವನಿಗೆ ಕಂಡುಬಂದಿತು.

ಆದರೆ ರಾಮ್ಸೆಯ ಸಮಾಜವು ಎಂದೆಂದಿಗೂ ಬಾಳುವ ಸಮಾಜ. ವ್ಯಕ್ತಿಯ ಆಯುಷ್ಯ ಹಾಗಲ್ಲ. ರಾಮ್ಸೆಯೇ 1930ರ ಜನವರಿಯಲ್ಲಿ, ಇಪ್ಪತ್ತೇಳು ತುಂಬುವ ಮೊದಲೇ, ತೀರಿಕೊಂಡನು. ಇದರಿಂದ ಅವನ ಗಣಿತ ಸುಳ್ಳಾಗುವುದಿಲ್ಲ. ಆದರೆ ರಾಷ್ಟ್ರಕ್ಕೆ ಹೊಲಿದ ಅಂಗಿಯನ್ನು ವ್ಯಕ್ತಿಗೆ ಹಾಗೆಯೇ ತೊಡಿಸಲಾಗದು. ನಾಳೆಯನ್ನು ಕಡೆಗಣಿಸಬಾರದು, ನಿಜ. ನಾಳೆ ಬಂದೇ ತೀರುವುದೆಂದು ಇಂದನ್ನೆಲ್ಲ ಅದಕ್ಕೆ ಒತ್ತೆ ಇಡಲೂ ಬಾರದು.

ಕಾಯುವುದು ಯಾವಾಗ ಜಾಣತನ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಿಂದ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಮಗುವಿನ ಮುಂದೆ ಒಂದು ತಿಂಡಿಯನ್ನಿಟ್ಟು, ‘ಈಗಲೇ ಬೇಕಾದರೆ ಒಂದು, ನಾನು ಹಿಂದಿರುಗುವವರೆಗೆ ಕಾದರೆ ಎರಡು’ ಎಂದು ಹೇಳಿ ಪರೀಕ್ಷಕನು ಹೊರಗೆ ಹೋಗುತ್ತಿದ್ದನು. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಓದಿನಲ್ಲಿಯೂ ಮುಂದಾದರೆಂದು 1990ರಲ್ಲಿ ಪ್ರಕಟವಾದ ವರದಿಯು ತಿಳಿಸಿತು. ಕಾಯುವ ಶಕ್ತಿಯೇ ಯಶಸ್ಸಿನ ಗುಟ್ಟೆಂದು ಅನೇಕರು ನಂಬಿದರು.

ಅನಂತರದ ಸಂಶೋಧನೆಗಳು ಈ ನಂಬಿಕೆಯನ್ನು ತಿದ್ದಿವೆ. 2013ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 28 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬಿಡಿಸುವ ಒಳ್ಳೆಯ ಸಾಮಗ್ರಿಯನ್ನು ತರುವೆನೆಂದು ಹೇಳಿ ತಂದುಕೊಟ್ಟರು. ಇನ್ನೊಂದಕ್ಕೆ ಮಾತು ಕೊಟ್ಟು ತಪ್ಪಿದರು. ಆಮೇಲೆ ತಿಂಡಿಯ ಪರೀಕ್ಷೆ ನಡೆಯಿತು. ಮೊದಲ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು. ಎರಡನೆಯ ಗುಂಪಿನವರು ಸುಮಾರು 3 ನಿಮಿಷ. 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಪರೀಕ್ಷಿಸಿದಾಗ, ಮನೆಯ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕಾಯುವಿಕೆಗೂ ಮುಂದಿನ ಓದಿಗೂ ಇರುವ ಸಂಬಂಧ ಬಹಳ ಕ್ಷೀಣವೆಂದು ಕಂಡುಬಂದಿತು.

ಮಾತು ತಪ್ಪಿದವರ ಮುಂದೆ ಕಾಯದೆ ತಿಂದುಬಿಟ್ಟ ಮಗು ದಡ್ಡ ಮಗುವಲ್ಲ. ಕಾಯುವಿಕೆಗೆ ಬೇಕಾದದ್ದು ಸಂಯಮ ಮಾತ್ರವಲ್ಲ, ನಂಬಿಕೆಯೂ ಹೌದು. ಹಣದ ವಿಷಯವೂ ಹಾಗೆಯೇ. ಇಟ್ಟದ್ದು ತಿರುಗಿ ಬರುವುದೆಂಬ ಭರವಸೆಯಿಲ್ಲದ ಕಡೆ ಜನರು ಉಳಿಸುವುದಿಲ್ಲ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ, 1962ರ ಜನವರಿ 1ರಿಂದ ನಮ್ಮ ದೇಶದಲ್ಲಿ ಠೇವಣಿ ವಿಮೆ ಆರಂಭವಾದದ್ದು ಈ ಕಾರಣದಿಂದಲೇ. ಆಗ 1,500 ರೂಪಾಯಿಗೆ ಇದ್ದ ವಿಮೆಯ ಮಿತಿಯನ್ನು ಕ್ರಮೇಣ ಹೆಚ್ಚಿಸುತ್ತ ಬಂದು 2020ರಲ್ಲಿ 5 ಲಕ್ಷಕ್ಕೆ ಏರಿಸಲಾಯಿತು.

ಉಡುಪಿಯ ಎರಡಾಣೆ

ರಾಮ್ಸೆಯ ಲೇಖನ ಅಚ್ಚಾದ 1928ನೆಯ ವರ್ಷದಲ್ಲಿಯೇ ನಮ್ಮ ಕರಾವಳಿಯ ಉಡುಪಿಯಲ್ಲಿ ಇದೇ ಪ್ರಶ್ನೆಗೆ ವ್ಯಾವಹಾರಿಕವಾದ ಉತ್ತರವೊಂದು ಹುಟ್ಟಿತು. ಡಾ. ಟಿ. ಎಂ. ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಅವರು 1925ರಲ್ಲಿ ಸ್ಥಾಪಿಸಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಂಸ್ಥೆ, ‘ಪಿಗ್ಮಿ ಠೇವಣಿ’ ಎಂಬ ಯೋಜನೆಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು, ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ, ಬಡ್ಡಿ ಬಿಟ್ಟು, ನಲವತ್ತೈದು ರೂಪಾಯಿ ಹತ್ತಾಣೆ.

ನಮ್ಮ ಗುಡ್ಡದ ಲೆಕ್ಕವನ್ನು ಇಲ್ಲಿ ನೆನೆಯಬೇಕು. ಏನೂ ಇಲ್ಲದ ಅಂಚಿನಿಂದ ಇಡುವ ಮೊದಲ ಹೆಜ್ಜೆಯೇ ಹೆಚ್ಚು ಫಲದಾಯಕ. ಎರಡಾಣೆ ಕೊಟ್ಟವನ ಆ ದಿನದ ಬಾಳು ಬಡವಾಗುತ್ತಿರಲಿಲ್ಲ. ಆಪತ್ಕಾಲಕ್ಕೆ ಮಾತ್ರ ಒಂದು ಆಸರೆ ಬೆಳೆಯುತ್ತಿತ್ತು. ‘ನಾಳೆಯಿಂದ ಉಳಿಸುವೆ’ ಎಂಬ ಮನಸ್ಸಿನ ನೆಪಕ್ಕೂ, ದಿನವೂ ಬಾಗಿಲು ತಟ್ಟುವ ಪ್ರತಿನಿಧಿಯೇ ಉತ್ತರವಾಗಿದ್ದನು.

ರಾಗಿ ಮತ್ತು ಮಾವು

ಕೊನೆಯದಾಗಿ, ಎಲ್ಲ ಸುಖಗಳೂ ಒಂದೇ ಜಾತಿಯವಲ್ಲವೆಂಬುದನ್ನು ಗಮನಿಸಬೇಕು. ನಮ್ಮ ಬಯಲುಸೀಮೆಯ ರೈತರು ರಾಗಿಯನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಮಾವಿನ ಹಣ್ಣನ್ನು ಯಾರೂ ಹಗೇವಿಗೆ ಹಾಕಲಿಲ್ಲ. ಬಾಳಿನಲ್ಲಿ ಮುಂದೂಡಬಹುದಾದ ಸುಖಗಳು ರಾಗಿಯಂತೆ: ದೊಡ್ಡ ಮನೆ, ವಾಹನ, ಒಡವೆ. ಮುಂದೂಡಲಾಗದವು ಮಾವಿನಂತೆ: ಬೆಳೆಯುವ ವಯಸ್ಸಿನ ಪೌಷ್ಟಿಕ ಆಹಾರ, ಗೆಳೆಯರೊಡನೆ ಹತ್ತುವ ಬೆಟ್ಟ, ಅಜ್ಜಿ ಬದುಕಿರುವಾಗ ಅವಳ ಊರಿಗೆ ಹೋಗಿಬರುವುದು. ಪೆಟ್ಟಿಗೆಯಲ್ಲಿಯೇ ಮಡಿಚಿಟ್ಟ ಜರಿ ಸೀರೆಯು ಮಡಿಕೆಯಲ್ಲಿ ಸೀಳುವುದನ್ನು ನಾವು ಕಂಡಿದ್ದೇವೆ. ಉಡದೆ ಕಾಪಾಡಿದ್ದರಿಂದ ಅದು ಉಳಿಯಲಿಲ್ಲ.

ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ರಿಚರ್ಡ್ ಬ್ರಂಬರ್ಗ್ 1954ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಜನರು ತಮ್ಮ ಖರ್ಚನ್ನು ಜೀವಮಾನವೆಲ್ಲ ಸಮನಾಗಿ ಹರಡಿಕೊಳ್ಳಲು ಯತ್ನಿಸುತ್ತಾರೆ. ದುಡಿಮೆಯ ನಡುವಯಸ್ಸಿನಲ್ಲಿ ಉಳಿಸಿ, ಮುಪ್ಪಿನಲ್ಲಿ ಬಳಸುತ್ತಾರೆ. ಈ ದೃಷ್ಟಿಯಿಂದ ನೋಡಿದರೆ, ಇನ್ನೂ ಸಂಪಾದನೆಗೆ ತೊಡಗದ ವಿದ್ಯಾರ್ಥಿಯು ಹೊಟ್ಟೆ ಕಟ್ಟಿ ಹಣ ಕೂಡಿಡಬೇಕಾಗಿಲ್ಲ. ಪುಸ್ತಕಕ್ಕೂ ಆರೋಗ್ಯಕ್ಕೂ ಅವನು ಮಾಡುವ ವೆಚ್ಚವು ಖರ್ಚಿನ ವೇಷದ ಉಳಿತಾಯವೇ ಸರಿ. ಆದರೆ ಕೈಗೆ ಬಂದ ವಿದ್ಯಾರ್ಥಿವೇತನದಲ್ಲಿ ಚಿಕ್ಕದೊಂದು ಪಾಲನ್ನು ನಂಬಿಕೆಯ ಸ್ಥಳದಲ್ಲಿ ಇಡುವ ಅಭ್ಯಾಸವನ್ನು ಅವನು ಈಗಲೇ ಮಾಡಿಕೊಳ್ಳಬಹುದು. ಮೊದಲ ಸಂಬಳ ಬರುವ ಹೊತ್ತಿಗೆ ಕೈಗೆ ಆ ರೂಢಿ ಇದ್ದರೆ, ಅಂಚಿನಿಂದ ನಡುವಿಗೆ ಬರುವ ದಾರಿ ಸುಗಮವಾಗುತ್ತದೆ.

ಅಭ್ಯಾಸಕ್ಕೆ

1. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರುತ್ತಿದ್ದರೆ ಎಷ್ಟು ವರ್ಷಗಳಲ್ಲಿ ಅವು ಇಮ್ಮಡಿಯಾಗುತ್ತವೆ? 72ರ ಸೂತ್ರವನ್ನು ಬಳಸಿರಿ.

2. ಇಟ್ಟ ಹಣದ ಕೊಳ್ಳುವ ಶಕ್ತಿ ಹೆಚ್ಚದೆ, ಕುಗ್ಗದೆ ಹಾಗೆಯೇ ಉಳಿಯುವುದೆಂದು ಭಾವಿಸಿ ಮೇಲಿನ ಲೆಕ್ಕವನ್ನು ಮತ್ತೆ ಮಾಡಿರಿ. ಗುಡ್ಡದ ತುದಿ ಎಲ್ಲಿಗೆ ಬರುತ್ತದೆ?

3. ಕಳೆದ ಒಂದು ತಿಂಗಳಲ್ಲಿ ನೀವು ಮಾಡಿದ ಖರ್ಚುಗಳನ್ನು ಪಟ್ಟಿಮಾಡಿ, ಅವುಗಳಲ್ಲಿ ಯಾವುವು ರಾಗಿಯ ಜಾತಿ, ಯಾವುವು ಮಾವಿನ ಜಾತಿ ಎಂದು ವಿಂಗಡಿಸಿರಿ.

(ಉತ್ತರಗಳು: 1. ಸುಮಾರು 12 ವರ್ಷ. 2. ಇಂದು 50, ಮುಂದೆ 50. ಮೂರನೆಯದರ ಉತ್ತರ ಪ್ರತಿಯೊಬ್ಬರಿಗೂ ಬೇರೆ.)