ಆರೋಗ್ಯ ಪ್ರಶ್ನೋತ್ತರ: ಊಟವೇ ವೈರಿಯಾದಾಗ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಊಟ, ತೂಕ ಮತ್ತು ಕನ್ನಡಿಯ ಸುತ್ತಲೇ ಇವೆ. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರು ಪ್ರಕಟಿಸಿಲ್ಲ.

ಪ್ರಶ್ನೆ: ಮಗಳಿಗೆ ಹದಿನಾರು ವರ್ಷ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಡಯಟ್ ಶುರು ಮಾಡಿದಳು. ಮೊದಲು ಸಿಹಿ ಬಿಟ್ಟಳು, ಆಮೇಲೆ ಅನ್ನ. ಈಗ ಒಂದು ಇಡ್ಲಿಯನ್ನು ಚೂರು ಚೂರು ಮಾಡಿ ಅರ್ಧ ಗಂಟೆ ತಿನ್ನುತ್ತಾಳೆ. ಸೋಮವಾರ, ಗುರುವಾರ, ಶನಿವಾರ ಉಪವಾಸ ಅನ್ನುತ್ತಾಳೆ. ಆದರೆ ನಮಗೆಲ್ಲ ತಾನೇ ಕೇಕ್ ಮಾಡಿ ಬಡಿಸುತ್ತಾಳೆ, ಹಗಲೂ ರಾತ್ರಿ ಅಡುಗೆ ವಿಡಿಯೊ ನೋಡುತ್ತಾಳೆ. ಹನ್ನೆರಡು ಕೆಜಿ ಇಳಿದಿದ್ದಾಳೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ನೆಂಟರು ‘ಎಷ್ಟು ಸ್ಲಿಮ್ ಆಗಿದ್ದಾಳೆ’ ಎಂದು ಹೊಗಳುತ್ತಾರೆ. ರಕ್ತ ಪರೀಕ್ಷೆ ನಾರ್ಮಲ್ ಬಂದಿದೆ. ಇದು ವಯಸ್ಸಿನ ಹಟವೇ?
– ಗೃಹಿಣಿ, ದಾವಣಗೆರೆ

ಉತ್ತರ: ಹಟವಲ್ಲ. ಪತ್ರ ಓದಿ ರೋಗ ನಿರ್ಧರಿಸಲು ಬರುವುದಿಲ್ಲ, ಆದರೆ ನೀವು ಬರೆದಿರುವುದೆಲ್ಲ ಅನೊರೆಕ್ಸಿಯಾ ನರ್ವೋಸಾ ಎಂಬ, ಊಟ ಬಿಟ್ಟು ಸೊರಗುವ ಮಾನಸಿಕ ಕಾಯಿಲೆಯ ಕಡೆಗೇ ಬೊಟ್ಟು ಮಾಡುತ್ತದೆ. ಈ ವಾರವೇ ವೈದ್ಯರಿಗೆ ತೋರಿಸಿ.

ತಾನು ಉಣ್ಣದೆ ಎಲ್ಲರಿಗೂ ಬಡಿಸುವುದು ನಿಮಗೆ ವಿಚಿತ್ರ ಅನ್ನಿಸಿರಬಹುದು. ಹಸಿವಿನ ಕೆಲಸವೇ ಅದು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆ ಪಡೆದೇ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಯುದ್ಧದಲ್ಲಿ ಹಸಿದು ಕಂಗಾಲಾದವರಿಗೆ ಮತ್ತೆ ಉಣ್ಣಿಸುವುದು ಹೇಗೆಂದು ತಿಳಿಯಬೇಕಿತ್ತು. ತೂಕದಲ್ಲಿ ಕಾಲುಭಾಗ ಇಳಿಯುವಷ್ಟರಲ್ಲಿ ಆ ಯುವಕರು ಅಡುಗೆ ಪುಸ್ತಕ ಓದತೊಡಗಿದ್ದರು, ಬಾಯಿ ಬಿಟ್ಟರೆ ಊಟದ ಮಾತು, ತಟ್ಟೆಯಲ್ಲಿದ್ದ ಚೂರುಪಾರನ್ನು ಎಳೆದೆಳೆದು ತಿನ್ನುತ್ತಿದ್ದರು. ಸದಾ ಚಳಿ, ಸಿಡುಕು, ಮಂಕು. ಸಣ್ಣಗಾಗಬೇಕೆಂಬ ಆಸೆ ಇಟ್ಟುಕೊಂಡು ಅಲ್ಲಿಗೆ ಹೋದವರಲ್ಲ ಅವರು. ನಿಮ್ಮ ಮಗಳ ನಡವಳಿಕೆಯಲ್ಲೂ ಬಹುಪಾಲು ಹಸಿದ ಮಿದುಳಿನದೇ. ಬೈದರೆ, ಬುದ್ಧಿ ಹೇಳಿದರೆ ಅದು ಸರಿಹೋಗದು.

ರಕ್ತ ಪರೀಕ್ಷೆ ನಾರ್ಮಲ್ ಎಂದು ನಿರಾಳವಾಗಬೇಡಿ. ದೇಹ ತನ್ನಲ್ಲಿರುವುದನ್ನೇ ಕರಗಿಸಿಕೊಂಡು ಬಹಳ ದಿನ ಆ ಅಂಕಿಗಳನ್ನು ಕಾಪಾಡುತ್ತದೆ. ನಾಡಿ ಬಡಿತ, ಮಲಗಿದಾಗ ಮತ್ತು ಎದ್ದು ನಿಂತಾಗಿನ ಬಿಪಿ, ಮೈಯ ಉಷ್ಣತೆ, ಇಸಿಜಿ, ಪೊಟ್ಯಾಸಿಯಂ, ಫಾಸ್ಫೇಟ್, ಸಕ್ಕರೆ ಇಷ್ಟನ್ನೂ ನೋಡಲು ಹೇಳಿ. ಎಚ್ಚರವಿರುವಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ತಲೆಸುತ್ತಿ ಬಿದ್ದರೆ, ನೀರನ್ನೂ ಬಿಟ್ಟರೆ, ಸಾಯುವ ಮಾತಾಡಿದರೆ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು.

ಮೊದಲು ಗುಂಡುಗುಂಡಗಿದ್ದ ಮಕ್ಕಳ ವಿಷಯದಲ್ಲಿ ಇನ್ನೊಂದು ಮೋಸ ಆಗುತ್ತದೆ. ಹದಿನೈದು ಕೆಜಿ ಇಳಿದರೂ ಚಾರ್ಟ್‌ನಲ್ಲಿ ತೂಕ ‘ಸರಿಯಾಗೇ’ ಕಾಣುತ್ತದೆ, ಮನೆಮಂದಿ ಖುಷಿಪಡುತ್ತಾರೆ, ಒಳಗೆ ಹೃದಯ ಸೊರಗುತ್ತಿರುತ್ತದೆ. ಎಷ್ಟು ಬೇಗ ಇಳಿಯಿತು, ಊಟದ ಮುಂದೆ ಏನಾಗುತ್ತಿದೆ ಎಂದು ನೋಡಿ. ಬರೀ ಕಾಟಾ ನೋಡಿದರೆ ಕಾಯಿಲೆ ತಿಳಿಯುವುದಿಲ್ಲ.

ಪ್ರಶ್ನೆ: ಮಗಳಿಗೆ ಅನೊರೆಕ್ಸಿಯಾ ಎಂದು ಗೊತ್ತಾಗಿದೆ. ‘ಮನೆಯಲ್ಲಿ ನೀವೇ ಕೂತು ಉಣ್ಣಿಸಿ’ ಎಂದಿದ್ದಾರೆ ಡಾಕ್ಟರು. ಪ್ರತಿ ಊಟವೂ ಕುರುಕ್ಷೇತ್ರ. ನಾವು ಬೆಳೆಸಿದ್ದರಲ್ಲೇ ತಪ್ಪಾಯಿತೇನೋ ಎಂದು ಹೆಂಡತಿ ಕೊರಗುತ್ತಾಳೆ.
– ತಂದೆ, ಮೈಸೂರು

ಉತ್ತರ: ಆ ಕೊರಗನ್ನು ಇಬ್ಬರೂ ಬಿಡಿ. ಈ ಕಾಯಿಲೆಗೆ ವಂಶವಾಹಿಯ ಪಾತ್ರ ದೊಡ್ಡದು, ಸ್ವಭಾವದ್ದೂ ಇದೆ. ಓದಿನಲ್ಲಿ ಮುಂದಿರುವ, ಎಲ್ಲವೂ ಅಚ್ಚುಕಟ್ಟಾಗಿಯೇ ಇರಬೇಕೆನ್ನುವ ಮಕ್ಕಳಲ್ಲಿ ಹೆಚ್ಚು ಕಾಣುತ್ತೇವೆ. ಡಯಟ್ ಎಂಬುದು ಕಡ್ಡಿ ಗೀರಿದಂತೆ. ಮದ್ದು ಮೊದಲೇ ಇದ್ದ ಕಡೆ ಮಾತ್ರ ಹೊತ್ತಿಕೊಳ್ಳುತ್ತದೆ.

ನಿಮ್ಮ ವೈದ್ಯರು ಹೇಳಿದ ಕ್ರಮಕ್ಕೆ ಕುಟುಂಬ ಆಧಾರಿತ ಚಿಕಿತ್ಸೆ ಎನ್ನುತ್ತಾರೆ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡದ್ದು. ಹದಿಹರೆಯದವರಿಗೆ ಇಂದಿಗೂ ಮೊದಲ ಆಯ್ಕೆ ಇದೇ. ತಿರುಳು ಇಷ್ಟು: ಸದ್ಯಕ್ಕೆ ಏನು, ಎಷ್ಟು ಉಣ್ಣಬೇಕೆಂದು ತೀರ್ಮಾನಿಸುವವರು ತಂದೆ-ತಾಯಿ. ದಿನಕ್ಕೆ ಮೂರು ಊಟ, ಎರಡು ಮೂರು ಸಲ ತಿಂಡಿ. ಬಡಿಸುವವರು ನೀವು, ಪಕ್ಕದಲ್ಲಿ ಕೂತು ಉಣ್ಣುವವರೂ ನೀವು.

ಮಧ್ಯಾಹ್ನಕ್ಕೆ ಎರಡು ಚಪಾತಿ, ಪಲ್ಯ, ಅನ್ನ-ಸಾರು, ಒಂದು ಬಟ್ಟಲು ಮೊಸರು ಎಂದು ನಿಗದಿಯಾಗಿದೆ ಅಂದುಕೊಳ್ಳಿ. ಅವಳು ಅಳುತ್ತಾಳೆ, ‘ಎಣ್ಣೆ ಜಾಸ್ತಿ’ ಅನ್ನುತ್ತಾಳೆ, ಎದ್ದು ಹೋಗುತ್ತಾಳೆ. ನೀವು ದನಿ ಏರಿಸದೆ, ‘ಕಷ್ಟ ಆಗ್ತಿದೆ ಅಂತ ಗೊತ್ತು ಪುಟ್ಟಾ, ನಾನಿಲ್ಲೇ ಇರ್ತೀನಿ, ಇನ್ನೊಂದು ತುತ್ತು ತಗೋ’ ಎಂದು ಅದನ್ನೇ ಹೇಳುತ್ತಿರಿ. ಕ್ಯಾಲೊರಿ ಲೆಕ್ಕದ ವಾದಕ್ಕೆ ಇಳಿಯಬೇಡಿ. ‘ಅರ್ಧ ತಿಂದರೆ ಸಾಕು’ ಎಂದು ರಾಜಿಯಾದರೆ ನಾಳೆ ಕಾಲುಭಾಗಕ್ಕೆ ಚೌಕಾಶಿ ನಡೆಯುತ್ತದೆ. ಅಮ್ಮ ಒಂದು, ಅಪ್ಪ ಒಂದು, ಅಜ್ಜಿ ಇನ್ನೊಂದು ಹೇಳುವಂತಿಲ್ಲ. ಉಂಡಾದ ಮೇಲೆ ಒಂದು ಗಂಟೆ ಜೊತೆಗೇ ಇಟ್ಟುಕೊಳ್ಳಿ, ಟಿವಿ ನೋಡಿ, ಚೌಕಾಬಾರ ಆಡಿ. ತೂಕ ಏರುವ ತನಕ ಓಟ, ಸ್ಕಿಪ್ಪಿಂಗ್ ಬೇಡ.

ಒಂದು ಎಚ್ಚರಿಕೆ ಇದೆ. ಬಹಳ ದಿನ ಉಣ್ಣದವರಿಗೆ ಒಮ್ಮೆಲೇ ತುಪ್ಪ, ಸಿಹಿ ಎಂದು ತುಂಬಿದರೆ ರಕ್ತದಲ್ಲಿ ಫಾಸ್ಫೇಟ್ ದಿಢೀರನೆ ಕುಸಿದು ಹೃದಯಕ್ಕೇ ಅಪಾಯ. ಎರಡನೇ ಮಹಾಯುದ್ಧದಲ್ಲಿ ಸೆರೆಯಿಂದ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ಇದನ್ನು ಕಂಡಿದ್ದರು. ತೀರಾ ಸೊರಗಿದವರಿಗೆ ಮೊದಲ ಒಂದೆರಡು ವಾರ ಏರಿಸುವ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಆಮೇಲೂ ಇದು ತಿಂಗಳುಗಳ ಕೆಲಸ.

ಪ್ರಶ್ನೆ: ತಂಗಿಗೆ ಹತ್ತೊಂಬತ್ತು. ದಪ್ಪಗಾಗುತ್ತೇನೆಂಬ ಭಯ ಅವಳಿಗಿಲ್ಲ. ‘ಎರಡು ತುತ್ತಿಗೇ ಹೊಟ್ಟೆ ಉಬ್ಬುತ್ತದೆ, ಹಸಿವಿಲ್ಲ’ ಅನ್ನುತ್ತಾಳೆ. ಎಂಡೋಸ್ಕೋಪಿ ಆಯಿತು, ಸ್ಕ್ಯಾನಿಂಗ್ ಆಯಿತು, ದೃಷ್ಟಿ ತೆಗೆಸಿದ್ದೂ ಆಯಿತು. ತೂಕ ಇಳಿಯುತ್ತಲೇ ಇದೆ.
– ಅಣ್ಣ, ಕಲಬುರಗಿ

ಉತ್ತರ: ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕರುಳಿನ ಉರಿಯೂತ ಇವೆಲ್ಲ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ. ಅಲ್ಲಿ ಏನೂ ಸಿಗದಿದ್ದರೆ ಮನೋವೈದ್ಯರ ಬಳಿ ಹೋಗಿ. ದಪ್ಪಗಾಗುವ ಭಯವನ್ನು ಬಾಯಿಬಿಟ್ಟು ಹೇಳದ ಅನೊರೆಕ್ಸಿಯಾ ಭಾರತವೂ ಸೇರಿ ಏಷ್ಯಾದ ಹಲವೆಡೆ ಕಂಡುಬಂದಿದೆ. ಇಂಥವರು ಹೇಳುವುದು ಹೊಟ್ಟೆಯುಬ್ಬರ, ಓಕರಿಕೆ, ಎದೆಯುರಿಯ ಮಾತು. ಹೀಗಾಗಿ ಗ್ಯಾಸ್ಟ್ರೊ ಡಾಕ್ಟರರ ಬಾಗಿಲಲ್ಲೇ ವರ್ಷ ಕಳೆದುಹೋಗುತ್ತದೆ.

ಅವಳು ಸುಳ್ಳು ಹೇಳುತ್ತಿಲ್ಲ. ಉಪವಾಸ ಬಿದ್ದ ಜಠರ ನಿಧಾನವಾಗುತ್ತದೆ, ಉಂಡದ್ದು ಮುಂದೆ ಸಾಗದೆ ಅಲ್ಲೇ ಕೂರುತ್ತದೆ, ಉಬ್ಬರ ನಿಜವಾಗಿಯೇ ಆಗುತ್ತದೆ. ಉಬ್ಬರಕ್ಕೆ ಹೆದರಿ ಇನ್ನೂ ಕಡಿಮೆ ಉಂಡರೆ ಜಠರ ಇನ್ನೂ ನಿಧಾನ. ಸ್ವಲ್ಪ ಸ್ವಲ್ಪವಾಗಿ, ಹೊತ್ತುಹೊತ್ತಿಗೆ ಉಣ್ಣಿಸುತ್ತಾ ಹೋದರೆ ಕೆಲವು ವಾರಗಳಲ್ಲಿ ಅದು ಹದಕ್ಕೆ ಬರುತ್ತದೆ.

ಪ್ರಶ್ನೆ: ವಯಸ್ಸು 24, ಪಿಜಿಯಲ್ಲಿದ್ದೇನೆ. ಹಗಲೆಲ್ಲ ಬ್ಲ್ಯಾಕ್ ಕಾಫಿಯಲ್ಲಿ ಕಳೆಯುತ್ತೇನೆ. ರಾತ್ರಿ ಆ್ಯಪ್‌ನಲ್ಲಿ ಮೂವರಿಗಾಗುವಷ್ಟು ತರಿಸಿ ಒಬ್ಬಳೇ ತಿಂದು, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುತ್ತೇನೆ. ಭೇದಿ ಮಾತ್ರೆಯನ್ನೂ ನುಂಗುತ್ತೇನೆ. ನೋಡುವವರಿಗೆ ನಾನು ಸರಿಯಾಗೇ ಇದ್ದೇನೆ. ಯಾರಿಗೂ ಹೇಳಿಲ್ಲ.
– ಬೆಂಗಳೂರು

ಉತ್ತರ: ನನಗೆ ಹೇಳಿದ್ದೀರಿ, ಒಳ್ಳೆಯದಾಯಿತು. ಇದು ಬುಲಿಮಿಯಾ. 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ಬ್ರಿಟನ್ನಿನ ಮನೋವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು. ತೂಕ ಸರಿಯಾಗಿರುವುದರಿಂದಲೇ ಇದು ವರ್ಷಗಟ್ಟಲೆ ಬಚ್ಚಿಟ್ಟುಕೊಂಡಿರುತ್ತದೆ. ಬೆರಳ ಗೆಣ್ಣಿನ ಮೇಲೆ ಹಲ್ಲು ತಾಗಿ ಆದ ಗಾಯ, ಕಿವಿಯ ಕೆಳಗೆ ಊದಿದ ಕೆನ್ನೆ, ಸವೆದ ಮುಂಹಲ್ಲು ನೋಡಿ ದಂತವೈದ್ಯರೇ ಮೊದಲು ಗುರುತಿಸುವುದುಂಟು.

ಭೇದಿ ಮಾತ್ರೆಯಿಂದ ತೂಕ ಇಳಿಯುತ್ತದೆ ಎಂಬುದು ಭ್ರಮೆ. ಆಹಾರದ ಸಾರವೆಲ್ಲ ಸಣ್ಣ ಕರುಳಲ್ಲೇ ಹೀರಿಕೆಯಾಗಿರುತ್ತದೆ. ಈ ಮಾತ್ರೆಗಳು ಕೆಲಸ ಮಾಡುವುದು ಮುಖ್ಯವಾಗಿ ಅದರಾಚೆಯ ದೊಡ್ಡ ಕರುಳಲ್ಲಿ. ಹೋಗುವುದು ನೀರು ಮತ್ತು ಲವಣ. ವಾಂತಿ, ಭೇದಿ ಎರಡೂ ಸೇರಿ ಪೊಟ್ಯಾಸಿಯಂ ಇಳಿದರೆ ಹೃದಯದ ಲಯ ತಪ್ಪುತ್ತದೆ. ಎದೆ ಡವಡವ ಎಂದರೆ, ಕೈಕಾಲು ಸೋತರೆ, ವಾಂತಿಯಲ್ಲಿ ರಕ್ತ ಕಂಡರೆ ತುರ್ತು ಚಿಕಿತ್ಸೆಗೆ ಹೋಗಿ. ವಾಂತಿಯಾದ ತಕ್ಷಣ ಹಲ್ಲುಜ್ಜಬೇಡಿ, ಆಮ್ಲದಿಂದ ಮೆದುವಾದ ಎನಾಮಲ್ ಕಿತ್ತುಬರುತ್ತದೆ. ನೀರಿನಲ್ಲಿ ಚಿಟಿಕೆ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ.

ರಾತ್ರಿಯ ಬಕಾಸುರ ಹಸಿವು ಹುಟ್ಟುವುದು ಹಗಲಿನ ಉಪವಾಸದಿಂದ. ನಾಳೆಯಿಂದ ಮಾಡಬೇಕಾದದ್ದು ಒಂದೇ: ಬೆಳಿಗ್ಗೆ ತಿಂಡಿ ತಿನ್ನಿ, ಮೂರು ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬೇಡಿ. ಹಿಂದಿನ ರಾತ್ರಿ ಏನೇ ಆಗಿರಲಿ, ಮರುದಿನದ ತಿಂಡಿ ತಪ್ಪಿಸಬೇಡಿ. ಇದರ ಜೊತೆಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಕಿದ್ದರೆ ಮನೋವೈದ್ಯರು ಫ್ಲುವಾಕ್ಸೆಟಿನ್ ಮಾತ್ರೆಯನ್ನೂ ಕೊಡುತ್ತಾರೆ.

ಪ್ರಶ್ನೆ: ಮೂರು ತಿಂಗಳಿಗೆ ಮದುವೆ. ‘ಫೋಟೋದಾಗ ಚೆಂದ ಕಾಣಬೇಕಂದ್ರ ಒಂದ್ಹತ್ತು ಕೆಜಿ ಇಳಿಸವ್ವ’ ಎಂದು ಅತ್ತೆಯಾಗುವವರು ಹೇಳಿದ್ದಾರೆ. ಎತ್ತರ 158 ಸೆಂ.ಮೀ., ತೂಕ 56 ಕೆಜಿ. ಗೆಳತಿ ಒಂದು ಪುಡಿ ಕೊಟ್ಟಿದ್ದಾಳೆ. ತಗೊಳ್ಳಲೇ?
– ಹುಬ್ಬಳ್ಳಿ

ಉತ್ತರ: ಬೇಡ. ನಿಮ್ಮ ಬಿಎಂಐ 22.4. ನಮ್ಮವರಿಗೆ 18.5ರಿಂದ 22.9 ಸರಿಯಾದ ಮಿತಿ. ಹತ್ತು ಕೆಜಿ ಇಳಿಸಿದರೆ 18.4ಕ್ಕೆ ಬರುತ್ತೀರಿ, ಅಂದರೆ ಸೊರಗಿದವರ ಪಟ್ಟಿಗೆ. ಗಡಿಬಿಡಿಯಲ್ಲಿ ತೂಕ ಇಳಿಸಿದವರಿಗೆ ಎರಡು ಮೂರು ತಿಂಗಳ ನಂತರ ಕೂದಲು ಉದುರುತ್ತದೆ. ಲೆಕ್ಕ ಹಾಕಿ ನೋಡಿ, ಸರಿಯಾಗಿ ಅಕ್ಷತೆಯ ಹೊತ್ತಿಗೇ! ಹೆಸರಿಲ್ಲದ ಪುಡಿಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಹೃದಯಕ್ಕೆ ಅಪಾಯವೆಂದು 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ಹಿಂತೆಗೆದ ಸಿಬುಟ್ರಮಿನ್ ಎಂಬ ಔಷಧ ಆಮೇಲೂ ‘ಗಿಡಮೂಲಿಕೆ’ ಎಂಬ ಚೀಟಿ ಅಂಟಿಸಿದ ಪುಡಿ, ಮಾತ್ರೆಗಳಲ್ಲಿ ಪದೇ ಪದೇ ಪತ್ತೆಯಾಗಿದೆ.

ಈ ‘ಚೆಂದ’ದ ಅಳತೆ ಎಲ್ಲಿಂದ ಬಂತು ಎಂಬುದಕ್ಕೆ ಫಿಜಿ ದ್ವೀಪದಲ್ಲಿ ಆನ್ ಬೆಕರ್ ಎಂಬ ವೈದ್ಯೆ ಮಾಡಿದ ಅಧ್ಯಯನ ನೆನಪಾಗುತ್ತದೆ. ಅಲ್ಲಿನ ಮೂಲನಿವಾಸಿಗಳು ತುಂಬಿದ ಮೈಯನ್ನೇ ಮೆಚ್ಚುತ್ತಿದ್ದವರು. ನಡ್ರೋಗ ಪ್ರಾಂತಕ್ಕೆ 1995ರಲ್ಲಿ ಟಿವಿ ಬಂತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವ ಒಬ್ಬ ಹುಡುಗಿಯೂ ಆಗ ಅಧ್ಯಯನದಲ್ಲಿ ಸಿಗಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ಶೇ 11.3ರಷ್ಟು ಹುಡುಗಿಯರು ಹಾಗೆ ಮಾಡುತ್ತಿದ್ದರು. ಬಂದದ್ದು ಬರೀ ಟಿವಿ. ಈಗ ಎಲ್ಲರ ಅಂಗೈಯಲ್ಲೂ ಫೋನಿದೆ, ಫೋನಲ್ಲಿ ಫಿಲ್ಟರ್ ಇದೆ.

ಅತ್ತೆಯವರಿಗೆ ಎದುರು ಮಾತಾಡುವುದು ಕಷ್ಟವೆನಿಸಿದರೆ, ‘ಡಾಕ್ಟರ್ ಬ್ಯಾಡಂದಾರ್ರಿ’ ಎಂದು ನನ್ನ ಮೇಲೆ ಹಾಕಿ. ಆದರೆ ಮದುವೆಯಾಗುವ ಹುಡುಗನ ಹತ್ತಿರ ಈ ವಿಷಯವನ್ನು ಈಗಲೇ ಮಾತಾಡಿ. ಮುಂದೆ ಬಾಣಂತನದಲ್ಲಿ ಮತ್ತೆ ಇದೇ ಮಾತು ಬರುತ್ತದೆ.

ಪ್ರಶ್ನೆ: ಗಂಡುಮಕ್ಕಳಿಗೂ ಇಂಥದ್ದು ಬರುತ್ತದೆಯೇ? ಮಗ ದಿನಕ್ಕೆರಡು ಸಲ ಜಿಮ್‌ಗೆ ಹೋಗುತ್ತಾನೆ, ಮೀನು, ಕೋಳಿಯನ್ನೂ ತಕ್ಕಡಿಯಲ್ಲಿ ತೂಗಿ ತಿನ್ನುತ್ತಾನೆ, ಮದುವೆ ಮನೆಯಲ್ಲಿ ಉಣ್ಣುವುದಿಲ್ಲ. ‘ನಾನು ನರಪೇತಲ’ ಎಂದು ಕನ್ನಡಿ ಮುಂದೆ ನಿಲ್ಲುತ್ತಾನೆ.
– ತಾಯಿ, ಮಂಗಳೂರು

ಉತ್ತರ: ಬರುತ್ತದೆ. ಹುಡುಗಿಗೆ ಎಷ್ಟು ಸಣ್ಣಗಾದರೂ ಸಾಲದು, ಹುಡುಗನಿಗೆ ಎಷ್ಟು ಮೈ ಬಂದರೂ ಸಾಲದು. ಕೊರಗು ಎರಡರಲ್ಲೂ ಒಂದೇ. ವ್ಯಾಯಾಮ ತಪ್ಪಿದ ದಿನ ಚಡಪಡಿಸುತ್ತಾನೆಯೇ, ಗಾಯವಾದರೂ ಬಿಡುವುದಿಲ್ಲವೇ, ಗೆಳೆಯರ ಜೊತೆ ಸೇರುವುದನ್ನು ನಿಲ್ಲಿಸಿದ್ದಾನೆಯೇ ನೋಡಿ. ಮುಖದಲ್ಲಿ, ಬೆನ್ನಲ್ಲಿ ಏಕಾಏಕಿ ಮೊಡವೆ ತುಂಬಿದರೆ, ಎದೆ ಊದಿದರೆ, ಸಿಟ್ಟು ಮಿತಿಮೀರಿದರೆ ಸ್ಟೆರಾಯ್ಡ್ ಇಂಜೆಕ್ಷನ್ ಶಂಕಿಸಬೇಕು. ಅದರಿಂದ ವೀರ್ಯಾಣುಗಳ ಸಂಖ್ಯೆ ಕುಗ್ಗುತ್ತದೆ, ಹೃದಯದ ಸ್ನಾಯು ದಪ್ಪವಾಗುತ್ತದೆ. ಬೈಯದೆ ನೇರವಾಗಿ ಕೇಳಿ, ವೈದ್ಯರ ಬಳಿ ಕರೆದುಕೊಂಡು ಹೋಗಿ.

ಪ್ರಶ್ನೆ: ವಯಸ್ಸು 45, ತೂಕ 84 ಕೆಜಿ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಡಬ್ಬದಲ್ಲಿದ್ದ ಚಕ್ಕುಲಿ, ಹಲ್ವ ಎಲ್ಲ ಖಾಲಿಯಾಗುವ ತನಕ ತಿನ್ನುತ್ತೇನೆ. ಕೈ ನಿಲ್ಲುವುದೇ ಇಲ್ಲ. ಆಮೇಲೆ ಅಸಹ್ಯ ಅನ್ನಿಸುತ್ತದೆ.
– ಪುತ್ತೂರು

ಉತ್ತರ: ಇದು ಬಾಯಿಚಪಲವಲ್ಲ. ಬಿಂಜ್ ಈಟಿಂಗ್ ಎಂಬ ಈ ತೊಂದರೆಯನ್ನು 2013ರಿಂದ ಮನೋವೈದ್ಯರ ಕೈಪಿಡಿ ಪ್ರತ್ಯೇಕ ಕಾಯಿಲೆಯೆಂದೇ ಪಟ್ಟಿಮಾಡಿದೆ. ದಪ್ಪಗಿರುವವರು ಬಂದರೆ ‘ಬಾಯಿ ಕಟ್ಟಿ’ ಎಂದು ಹೇಳಿ ಕಳಿಸುವ ರೂಢಿ ನಮ್ಮ ವೈದ್ಯರಲ್ಲೂ ಇದೆ. ಬಾಯಿ ಕಟ್ಟಿದಷ್ಟೂ ರಾತ್ರಿಯ ಸೆಳೆತ ಹೆಚ್ಚುತ್ತದೆ. ಮೊದಲು ಈ ಸೆಳೆತಕ್ಕೆ ಚಿಕಿತ್ಸೆಯಾಗಲಿ, ಸಕ್ಕರೆ ಮತ್ತು ಬಿಪಿ ನೋಡಿಸಿಕೊಳ್ಳಿ. ತೂಕದ ಮಾತು ಆಮೇಲೆ.

ಪ್ರಶ್ನೆ: ಪ್ರೌಢಶಾಲೆ ಶಿಕ್ಷಕಿ ನಾನು. ಮಕ್ಕಳ ಮುಂದೆ ಏನು ಆಡಬಾರದು? ಸಂಶಯ ಬಂದರೆ ಎಲ್ಲಿಗೆ ಕಳಿಸಲಿ?
– ಶಿವಮೊಗ್ಗ

ಉತ್ತರ: ‘ಡುಮ್ಮಿ’, ‘ಕಡ್ಡಿ’, ‘ಆನೆಮರಿ’ ಇವು ತರಗತಿಯಲ್ಲಿ ಬೇಡ, ಪ್ರೀತಿಯಿಂದ ಕರೆದರೂ ಬೇಡ. ಎಲ್ಲರೆದುರು ತೂಕ ನೋಡಿ ಕೂಗಿ ಹೇಳುವ ಪದ್ಧತಿ ನಿಲ್ಲಿಸಿ. ‘ಸಣ್ಣ ಆಗಿದ್ದೀಯ, ಚೆನ್ನಾಗಿ ಕಾಣ್ತೀಯ’ ಎಂಬ ಹೊಗಳಿಕೆಯೂ ಕಾಯಿಲೆಗೆ ಗೊಬ್ಬರ. ಮಧ್ಯಾಹ್ನದ ಊಟಕ್ಕೆ ತಪ್ಪಿಸಿಕೊಳ್ಳುವ, ಬುತ್ತಿ ಹಂಚಿಬಿಡುವ, ಬೇಸಿಗೆಯಲ್ಲೂ ಸ್ವೆಟರ್ ತೊಡುವ ಮಗು ಕಂಡರೆ ಪಕ್ಕಕ್ಕೆ ಕರೆದು, ‘ಇತ್ತೀಚೆಗೆ ಸುಸ್ತಾಗಿ ಕಾಣ್ತೀಯ, ಊಟ ಸೇರ್ತಿಲ್ವಾ?’ ಎಂದು ಕೇಳಿ. ಮೈಕಟ್ಟಿನ ಮಾತು ಎತ್ತಬೇಡಿ. ಆಮೇಲೆ ಮನೆಯವರಿಗೆ ತಿಳಿಸಿ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಕಾಯಿಲೆ ಜಟಿಲವಾದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಖರ್ಚಿಗೆ ಹೆದರುವವರಿಗೆ ಒಂದು ಮಾತು: ಮಾನಸಿಕ ಆರೋಗ್ಯ ಕಾಯ್ದೆ 2017ರ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ರಕ್ಷಣೆ ಕೊಡಬೇಕು. ಪಾಲಿಸಿ ಇದ್ದವರು ಕೇಳಿ ಪಡೆಯಿರಿ. ತಡಮಾಡಿದಷ್ಟೂ ಗುಣವಾಗುವುದು ನಿಧಾನ, ಬೇಗ ಬಂದವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.